ಕಣ್ಣು ಪುಸ್ತಕದಲ್ಲಿ, ಲಕ್ಷ್ಯ ಎಲ್ಲಿ?

ಹುಕ್ಕೇರಿ ಬಿಟ್ಟ ಬಸ್ಸು ಘಟಪ್ರಭಾ ದಾರಿ ಹಿಡಿದಿದೆ. ಕಬ್ಬಿನ ಸುಗ್ಗಿ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದೆ ಡ್ರೈವರ್ ತಾಳ್ಮೆಯಿಂದ ತೆವಳುತ್ತಿದ್ದಾನೆ. ನಿಮ್ಮ ಪಕ್ಕದಲ್ಲಿ ಗೋಕಾಕದ ಕಾಲೇಜಿಗೆ ಹೊರಟ ಹುಡುಗಿ. ತೊಡೆಯ ಮೇಲೆ ಸಂವಿಧಾನದ ಗೈಡು.

ಅವಳ ಕಣ್ಣು ನೋಡಿ. ಮೊದಮೊದಲು ‘ಮತ್ತು’ ಬಂದರೆ ದಾಟಿ, ‘ನ್ಯಾಯಾಧಿಕರಣ’ ಬಂದರೆ ತುಸು ನಿಂತು ಸಾಗುತ್ತಿತ್ತು. ಈಗ ಸುಲಭದ ಪದ, ಕಠಿಣ ಪದ ಎಂಬ ಭೇದವಿಲ್ಲ. ಎಲ್ಲಿ ನಿಂತರೂ ಅಲ್ಲೇ ತಡೆಯುತ್ತದೆ. ರೆಪ್ಪೆ ಪದೇ ಪದೇ ಬಡಿಯುತ್ತಿದೆ. ಬೆರಳು ಮಾತ್ರ ಸಾಲಿನ ಕೆಳಗೆ ಸರಿಯುತ್ತಾ ಹೋಗಿ ಪುಟ ಮಗುಚುತ್ತದೆ.

“ಈಗ ಏನ್ ಓದಿದಿ, ತಂಗಿ?”

ಬೆಚ್ಚುತ್ತಾಳೆ. “ನೆನಪಿಲ್ರೀ... ಕಬ್ಬಿನ ಬಿಲ್ ಇನ್ನೂ ಬಂದಿಲ್ಲ, ಅಪ್ಪ ಫೀ ಹೆಂಗ ತುಂಬ್ತಾನೋ ಅಂತ ವಿಚಾರ ಬಂದಿತ್ತರಿ.”

“ಯಾವಾಗಿಂದ?”

“ಅದ ಗೊತ್ತಾಗ್ಲಿಲ್ರಿ.”

ಮನಸ್ಸು ಹೊರಟದ್ದು ಮನಸ್ಸಿನವರಿಗೇ ಕೊನೆಗೆ ತಿಳಿಯುತ್ತದೆ. ಅದಕ್ಕೇ ಸಂಶೋಧಕರು ಕೂಡ ಕೆಲಸದ ನಡುವೆ ತಡೆದು ಕೇಳುತ್ತಾರೆ. 2010ರಲ್ಲಿ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2,250 ಜನರನ್ನು ಹೀಗೆ ಫೋನಿನಲ್ಲೇ ದಿನದ ಯಾವುದೋ ಒಂದು ಹೊತ್ತಿನಲ್ಲಿ ಕೇಳಿದರು. ನೂರಕ್ಕೆ ಸುಮಾರು 47 ಸಲ ಮನಸ್ಸು ಕೈಯ ಕೆಲಸದಲ್ಲಿ ಇರಲಿಲ್ಲ. ಕಣ್ಣು ತಡೆಯುವುದು, ರೆಪ್ಪೆ ಹೆಚ್ಚು ಬಡಿಯುವುದು ಕೂಡ ಅದೇ ವರ್ಷ ಬೇರೆ ಬೇರೆ ಪ್ರಯೋಗಗಳಲ್ಲಿ ಕಂಡದ್ದು.

ಗೋಕಾಕ ಫಾಲ್ಸ್. ತೂಗುಸೇತುವೆ ನೋಡಲು ಬಂದವರು ಗದ್ದಲ ಮಾಡುತ್ತಾ ಇಳಿಯುತ್ತಾರೆ. ಹುಡುಗಿ ತಲೆ ಎತ್ತುತ್ತಾಳೆ. ಇದು ಬೇರೆ ಮಾತು: ಹೊರಗಿನ ಸದ್ದು ಎಳೆದದ್ದು, ಅವಳಿಗೂ ಗೊತ್ತು, ನಿಮಗೂ ಗೊತ್ತು. ಫೀಸಿನ ಚಿಂತೆಗೆ ಸದ್ದಿರಲಿಲ್ಲ.

ಗೋಕಾಕದಲ್ಲಿ ಅವಳು ಇಳಿಯುತ್ತಾಳೆ. ನೀವು ಮೂಡಲಗಿ ಬಸ್ಸು ಹತ್ತುತ್ತೀರಿ. ಲೋಳಸೂರ ಸೇತುವೆ ದಾಟುವಾಗ ಕಂಡಕ್ಟರನ ಬೆರಳು ಟಿಕೆಟ್ ಯಂತ್ರದ ಮೇಲೆ ತಾನೇ ಓಡುತ್ತಿದೆ. ಒಂದು ಫುಲ್, ಒಂದು ಹಾಫ್ ಕೇಳಿದವರಿಗೆ ಎರಡೂ ಫುಲ್ ಬರುತ್ತವೆ. ಇಯಾನ್ ರಾಬರ್ಟ್‌ಸನ್ ಮತ್ತು ಸಂಗಡಿಗರ 1997ರ ಪರೀಕ್ಷೆ ಹಿಡಿಯುವುದು ಇಂಥದ್ದನ್ನೇ. ಪರದೆಯ ಮೇಲೆ 1ರಿಂದ 9ರವರೆಗಿನ ಅಂಕಿಗಳು ಹೇಗೆಂದರೆ ಹಾಗೆ ಬರುತ್ತವೆ. ಪ್ರತಿ ಅಂಕಿಗೂ ಗುಂಡಿ ಒತ್ತಬೇಕು, 3 ಬಂದರೆ ಮಾತ್ರ ಒತ್ತಬಾರದು. ಲಕ್ಷ್ಯ ತಪ್ಪಿದವರು 3ಕ್ಕೂ ಒತ್ತುತ್ತಾರೆ. ಸೋಜಿಗವೆಂದರೆ, ತಪ್ಪುವ ಮುಂಚೆ ಬೆರಳು ನಿಧಾನವಾಗುವುದಿಲ್ಲ, ಇನ್ನೂ ಚುರುಕಾಗುತ್ತದೆ.

ಮೂಡಲಗಿಯ ಒಂದು ಟ್ಯೂಷನ್ ಕೋಣೆ. ಕಿಟಕಿಯಿಂದ ನೋಡಿ: ಮೂರನೇ ಸಾಲಿನ ಹುಡುಗ ಬೋರ್ಡನ್ನೇ ನೋಡುತ್ತಿದ್ದಾನೆ, ಪೆನ್ನು ನಿಂತಿದೆ.

“ಏ, ಲಕ್ಷ್ಯ ಎಲ್ಲೈತಿ?” ಸರ್ ಗದರುತ್ತಾರೆ.

“ಇಲ್ಲೇ ಐತ್ರಿ, ಸರ.”

ಸುಳ್ಳು, ಅಂಜಿಕೆಯ ಸುಳ್ಳು. ತಡೆದು ಕೇಳುವ ವಿಧಾನ ನಿಂತಿರುವುದೇ ಉತ್ತರಿಸುವವರ ಪ್ರಾಮಾಣಿಕತೆಯ ಮೇಲೆ. ಗದರಿದ ಕಡೆ ಅದು ಕೆಲಸ ಮಾಡದು. ಕಣ್ಣಿನ ಚಲನೆ ಅಳೆಯುವ ಯಂತ್ರ ಈ ಕೋಣೆಗೆ ಬೇಕಿಲ್ಲ. ಗುರುಗಳೇ, ಪಾಠದ ನಡುವೆ ಆಗಾಗ ನಿಲ್ಲಿಸಿ, “ಮನಸ್ಸು ಎಲ್ಲಿ ಹೋಗಿತ್ತು?” ಎಂದು ಎಲ್ಲರನ್ನೂ ಕೇಳಿ. ನಿಮ್ಮದು ಎಲ್ಲಿ ಹೋಗಿತ್ತೆಂದು ಮೊದಲು ನೀವೇ ಹೇಳಿ. ಫೀಸಿನ ಚಿಂತೆ ಇದ್ದ ಮಗು ಆಗ ಹೇಳೀತು.