ಬಿಳಿ ಪುಡಿಯ ಕಾಲ

ಒಡೆದ ಟ್ಯೂಬ್‌ಲೈಟಿನ ಒಳಮೈಗೆ ಅಂಟಿದ ಬಿಳಿ ಪುಡಿಯನ್ನು ಸುಣ್ಣವೆಂದೇ ತಿಳಿದವರು ಬಹಳ ಮಂದಿ. ಸುಣ್ಣವಲ್ಲ, ಆದರೆ ಅದರ ಬಳಗದ್ದೇ. ಹೆಸರು ಕ್ಯಾಲ್ಸಿಯಂ ಹ್ಯಾಲೋಫಾಸ್ಫೇಟ್. ನಮ್ಮ ಹಲ್ಲಿನ ಹೊರಪದರದ್ದೂ ಇದೇ ಜಾತಿಯ ಹರಳು. 1942ರಲ್ಲಿ ಇಂಗ್ಲೆಂಡಿನ ಮೆಕ್ಯಾಗ್ ಮತ್ತು ರ‍್ಯಾನ್ಬಿ ಇದಕ್ಕೆ ಚೂರು ಆಂಟಿಮನಿ, ಚೂರು ಮ್ಯಾಂಗನೀಸ್ ಸೇರಿಸಿದರು. ಒಂದು ನೀಲಿ ಕೊಟ್ಟಿತು, ಇನ್ನೊಂದು ಕಿತ್ತಳೆ. ಎರಡೂ ಬೆರೆತ ಬಿಳುಪಿನಲ್ಲೇ ನಾವು ಪರೀಕ್ಷೆಗೆ ಓದಿದ್ದು, ಹುಡುಗಿ ನೋಡಲು ಬಂದವರಿಗೆ ಉಪ್ಪಿಟ್ಟು ಕೊಟ್ಟದ್ದು.

ಕೊಳವೆಯೊಳಗಿನ ಪಾದರಸದ ಆವಿಯಿಂದ ಹೆಚ್ಚಾಗಿ ಹೊಮ್ಮುವುದು 254 ನ್ಯಾನೋಮೀಟರಿನ ನೇರಳಾತೀತ ಕಿರಣ. ಕಣ್ಣಿಗೆ ಕಾಣದ ಅದನ್ನು ಹೀರಿ ಬೆಳಕು ಕೊಡುವುದು ಪುಡಿಯ ಕೆಲಸ. ಎಪ್ಪತ್ತರ ದಶಕದಲ್ಲಿ ಫಿಲಿಪ್ಸ್‌ನವರು ಕೆಂಪು, ಹಸಿರು, ನೀಲಿಗೆ ಬೇರೆಬೇರೆ ಪುಡಿ ಮಾಡಿ ಬೆರೆಸಿದ ಮೇಲೆ ಬಣ್ಣಗಳು ಬಣ್ಣಗಳಂತೆ ಕಂಡವು. ಕೆಂಪಿನದು ಯುರೋಪಿಯಂ ಸೇರಿಸಿದ ಯಿಟ್ರಿಯಂ ಆಕ್ಸೈಡ್. ಹೀರಿದ ಪ್ರತಿ ಫೋಟಾನಿಗೆ ಹೆಚ್ಚುಕಮ್ಮಿ ಒಂದು ಫೋಟಾನ್ ವಾಪಸು ಕೊಡುವ ಪುಡಿ ಅದು. ಇನ್ನೇನು ಸುಧಾರಿಸುವುದು?

ಮಾಡುವ ವಿಧಾನ ಸುಧಾರಿಸಬಹುದಿತ್ತು. ನೀಲಿ ಪುಡಿಯನ್ನಂತೂ ಸಾವಿರ ಡಿಗ್ರಿ ಮೀರಿದ ಕುಲುಮೆಯಲ್ಲಿ ಗಂಟೆಗಟ್ಟಲೆ ಬೇಯಿಸಬೇಕಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲರು ಇನ್ನೊಂದು ದಾರಿ ಹಿಡಿದರು. 1988ರಲ್ಲಿ ಅವರೂ ಕಿಂಗ್ಸ್‌ಲಿಯವರೂ ಅಲ್ಯೂಮಿನಿಯಂ ನೈಟ್ರೇಟಿಗೆ ಯೂರಿಯಾ ಬೆರೆಸಿ, 500 ಡಿಗ್ರಿಯ ಮಫಲ್ ಫರ್ನೇಸಿನಲ್ಲಿಟ್ಟು ಅಲ್ಯೂಮಿನಾ ತೆಗೆದದ್ದನ್ನು ಪ್ರಕಟಿಸಿದರು. ರೈತರು ಹೊಲಕ್ಕೆ ಚೆಲ್ಲುವ ಅದೇ ಯೂರಿಯಾ! ಮುಂದೆ ಅವರ ಪ್ರಯೋಗಾಲಯ ದೀಪದ ಪುಡಿಗಳನ್ನೂ ಈ ದಹನ ವಿಧಾನದಲ್ಲೇ ಮಾಡಿತು.

ಅದನ್ನು ನೋಡಿದವರು ಮರೆಯುವುದಿಲ್ಲ. ತಟ್ಟೆಯ ದ್ರಾವಣ ಮೊದಲು ಕೊತಕೊತ ಕುದಿಯುತ್ತದೆ, ಗಟ್ಟಿಯಾಗುತ್ತದೆ, ನೊರೆಯೇಳುತ್ತದೆ. ಇದ್ದಕ್ಕಿದ್ದಂತೆ ಒಂದು ಕಡೆ ಕಿಡಿ ಹತ್ತಿ ಉರಿ ಇಡೀ ನೊರೆಯನ್ನು ದಾಟುತ್ತದೆ. ಆ ಕ್ಷಣ ಒಳಗಿನ ಶಾಖ ಕುಲುಮೆಯದಕ್ಕಿಂತ ಎಷ್ಟೋ ಹೆಚ್ಚು. ಐದು ನಿಮಿಷದಲ್ಲಿ ಎಲ್ಲ ಮುಗಿದು, ತಟ್ಟೆಯ ತುಂಬ ಉಬ್ಬಿನಿಂತ ಬಿಳಿ ಬುರುಗು. ಮುಟ್ಟಿದರೆ ಪುಡಿ. ಕತ್ತಲೆ ಪೆಟ್ಟಿಗೆಯಲ್ಲಿಟ್ಟು 254ರ ದೀಪ ಹಾಕಿದರೆ, ಬಿಳಿಯಾಗಿದ್ದದ್ದು ಕುಂಕುಮದ ಕೆಂಪು. ತೊಂಬತ್ತರ ದಶಕದಲ್ಲಿ ಈ ಕೆಲಸಕ್ಕೆ ಬಿದ್ದ ನಮಗೆ ದೀಪವಿಜ್ಞಾನ ಎಂದರೆ ಇದೇ ಆಗಿತ್ತು.

ಅದೇ ದಶಕದಲ್ಲಿ ಜಪಾನಿನ ನಿಚಿಯಾ ಕಂಪನಿಯಲ್ಲಿ ನಕಮುರಾ ಪ್ರಖರ ನೀಲಿ ಎಲ್‌ಇಡಿ ಮಾಡಿದರು. ಅದರ ಮೇಲೆ ಸೀರಿಯಂ ಬೆರೆಸಿದ ಹಳದಿ ಪುಡಿ ಬಳಿದದ್ದೇ ತಡ, ಬಿಳಿ ಬೆಳಕಿಗೆ ಪಾದರಸವೇ ಬೇಡವಾಯಿತು. ನಮ್ಮ ಕೆಂಪು ಪುಡಿಗೇನೂ ಕುಂದು ಬರಲಿಲ್ಲ. ಎಲ್‌ಇಡಿಯ 450 ನ್ಯಾನೋಮೀಟರಿನ ನೀಲಿಯನ್ನು ಅದು ಬಹುಮಟ್ಟಿಗೆ ಹೀರುವುದೇ ಇಲ್ಲ, ಅಷ್ಟೇ. ಸೋತು ಹಿಂದೆ ಬಿದ್ದಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲವೇನೋ. ಈಗಿನ ವಿದ್ಯಾರ್ಥಿಗಳು ಅಂಥ ಪುಡಿಗಳನ್ನು ಗಾಜಿನ ಮೇಲಿನ ಬೆರಳಚ್ಚು ಎದ್ದು ಕಾಣಿಸಲು ಉದುರಿಸುತ್ತಾರೆ. ಒಳ್ಳೆಯ ಕೆಲಸವೇ, ಆದರೆ ಮನೆ ಬೆಳಗುವ ಕೆಲಸವಲ್ಲ.

ಪಾದರಸ ವಿಷ, ಹೋಗಲೇಬೇಕು. ಪಾದರಸದ ಮಿನಾಮಾಟಾ ಒಪ್ಪಂದದ ದೇಶಗಳು 2023ರಲ್ಲಿ ಜಿನೀವಾದಲ್ಲಿ ಸೇರಿ, 2027ರ ಹೊತ್ತಿಗೆ ಟ್ಯೂಬ್‌ಲೈಟುಗಳ ತಯಾರಿಕೆಯನ್ನೇ ನಿಲ್ಲಿಸಲು ಒಪ್ಪಿವೆ. ನನ್ನ ತಕರಾರು ಅದಲ್ಲ. ಮನೆಗಳಿಂದ ಕಳಚಿದ ಪಟ್ಟಿಗಳು ಗುಜರಿಗೆ ಬಂದಾಗ ತಾಮ್ರದಾಸೆಗೆ ಚೋಕನ್ನು ಬಿಚ್ಚಿಕೊಳ್ಳುತ್ತಾರೆ, ಕೊಳವೆಯನ್ನು ತಿಪ್ಪೆಗೆಸೆಯುತ್ತಾರೆ. ಅಗ್ಗದ ಟ್ಯೂಬಿನದಾದರೆ ಬರೀ ಹ್ಯಾಲೋಫಾಸ್ಫೇಟ್, ಹೋಗಲಿ ಬಿಡಿ. ಮೂರು ಪುಡಿಗಳದ್ದಾದರೆ ಅದರಲ್ಲಿ ಯುರೋಪಿಯಂ, ಟೆರ್ಬಿಯಂ ಇರುತ್ತವೆ. ಅಪರೂಪದ ಧಾತುಗಳಿಗೆ ದೇಶದೇಶಗಳು ಕಿತ್ತಾಡುತ್ತಿರುವ ಈ ದಿನಗಳಲ್ಲೂ ಆ ಪುಡಿಯನ್ನು ಕೆರೆದಿಟ್ಟುಕೊಳ್ಳುವ ಗುಜರಿಯವನನ್ನು ನಾನಂತೂ ಕಂಡಿಲ್ಲ.