‘ಇತರೆ ಖರ್ಚು’

ನಮ್ಮ ಭಾಗದ ಒಂದು ಕಾಲೇಜಿನ ಹೊಸ ಹಾಸ್ಟೆಲಿಗೆ ಯೋಜನೆ ಬರೆಯುವ ಸಮಿತಿಯಲ್ಲಿ ನಾನೂ ಇದ್ದೆ. ಕೋಣೆಗೆ ಇಬ್ಬರು, ಮಹಡಿಗೊಂದು ಓದುವ ಕೋಣೆ, ಬಿಸಿನೀರಿಗೆ ಸೋಲಾರ್, ಬಾಗಿಲಿಗೆ ಸಿಸಿಟಿವಿ, ಎಲ್ಲ ಬರೆದೆವು. ಅಡುಗೆಯವರು, ಕಾವಲುಗಾರರು, ಕಸ ಗುಡಿಸುವವರು ‘ಇತರೆ ಖರ್ಚು’ ಎಂಬ ಒಂದೇ ಸಾಲಿನಲ್ಲಿ ಮುಗಿದರು. ಆ ಸಾಲು ನನ್ನದು. ಗುತ್ತಿಗೆಗೆ ಕೊಟ್ಟರೆ ಪಿಎಫ್, ರಜೆಗಳ ರಗಳೆ ತಪ್ಪುತ್ತದೆಂದು ವಾದಿಸಿ ಗೆದ್ದವನೂ ನಾನೇ.

ಹಳೆಯ ಮೆಸ್ಸಿನಲ್ಲಿ ಉಣಬಡಿಸುವ ಒಬ್ಬ ಮಾವಶಿ ಇದ್ದರು. ರಾತ್ರಿ ಬುಟ್ಟಿಯಲ್ಲಿ ಉಳಿದ ಭಾಕರಿ ಎಣಿಸಿ, “ಮೂಲೀ ಖೋಲಿ ಹುಡುಗ ಎರಡ ದಿನಾ ಆತು ಉಂಡಿಲ್ಲರಿ, ಒಂದೀಟ ನೋಡ್ರಿ” ಎಂದು ರೆಕ್ಟರಿಗೆ ಹೇಳುವವರು. ಗುತ್ತಿಗೆ ಬಂತು, ಅವರು ಹೋದರು. ಹಾಜರಿಗೆ ಹೆಬ್ಬೆಟ್ಟಿನ ಯಂತ್ರ ಕೂಡಿಸಿದೆವು. ಒಂದು ಮಳೆಗಾಲದಲ್ಲಿ ಆಜರಾ ಕಡೆಯ ಮೊದಲ ವರ್ಷದ ಹುಡುಗನೊಬ್ಬ ಮೆಸ್ ಬಿಲ್ ಕಟ್ಟಲಾಗದೆ ಊಟ ಬಿಟ್ಟ, ಆಮೇಲೆ ಓದನ್ನೂ ಬಿಟ್ಟು ಊರು ಸೇರಿದ. ಅವನ ಗೈರುಹಾಜರಿ ಯಂತ್ರದಲ್ಲಿ ಸಾಲುಸಾಲಾಗಿ ದಾಖಲಾಗಿತ್ತು. ಅದನ್ನು ನೋಡುವುದು ಯಾರ ಕೆಲಸವೆಂದು ನಾವು ಎಲ್ಲೂ ಬರೆದಿರಲಿಲ್ಲ.

ಗೊತ್ತಿರಲಿಲ್ಲ ಎನ್ನುವಂತಿಲ್ಲ. ಬೋರ್ಡಿಂಗುಗಳ ಊರಾದ ಕೊಲ್ಹಾಪುರ ನಮಗೆ ಪಕ್ಕದ್ದೇ. 1901ರಿಂದ ಅಲ್ಲಿನ ದೊರೆ ಶಾಹೂ ಮಹಾರಾಜರ ಆಸರೆಯಲ್ಲಿ ಮರಾಠಾ, ಜೈನ, ಮುಸ್ಲಿಂ, ಲಿಂಗಾಯತ ಬೋರ್ಡಿಂಗುಗಳು ಎದ್ದವು. 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗ್. ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದಿದ ಭಾವುರಾವ್ ಪಾಟೀಲರು 1924ರಲ್ಲಿ ಸಾತಾರಾದಲ್ಲಿ ಎಲ್ಲ ಜಾತಿಯ ಹುಡುಗರೂ ಒಂದೇ ಪಂಕ್ತಿಯಲ್ಲಿ ಉಣ್ಣುವ ಬೋರ್ಡಿಂಗ್ ತೆರೆದರು. ಅದನ್ನು ನಡೆಸಲು ಪತ್ನಿ ಲಕ್ಷ್ಮೀಬಾಯಿ ಒಡವೆ ಕೊಟ್ಟರು, ಮಂಗಳಸೂತ್ರವನ್ನೂ ಉಳಿಸಿಕೊಳ್ಳಲಿಲ್ಲ. ಈ ಕಥೆಯನ್ನು ಜಯಂತಿ ಭಾಷಣಗಳಲ್ಲಿ ನಾನೇ ಎಷ್ಟೋ ಸಲ ಹೇಳಿದ್ದೇನೆ. ಹಾಸ್ಟೆಲನ್ನು ಹಿಡಿದು ನಿಲ್ಲಿಸುವುದು ಉಣಬಡಿಸುವವರೇ ಎಂಬುದು ಮಾತ್ರ ಬಜೆಟ್ ಬರೆಯುವಾಗ ಹೊಳೆಯಲಿಲ್ಲ. ಹಾಗಂತ ಅಂಥ ತ್ಯಾಗವನ್ನು ಇವತ್ತಿನ ಅಡುಗೆಯವರಿಂದ ಪುಕ್ಕಟೆಯಾಗಿ ನಿರೀಕ್ಷಿಸುವುದೂ ಅನ್ಯಾಯವೇ.

ಈಗ ಯಾರಾದರೂ ಹಾಸ್ಟೆಲಿನ ನಕ್ಷೆ ಹರವಿದರೆ ನಾನು ಕೇಳುವುದಿಷ್ಟು: ನಡುರಾತ್ರಿ ಹುಡುಗನಿಗೆ ಜ್ವರ ಬಂದರೆ ಎಬ್ಬಿಸುವುದು ಯಾರನ್ನು? ಆ ಮನುಷ್ಯ ಬರುವ ವರ್ಷವೂ ಇರುತ್ತಾನೆಯೇ? ಅವನಿಗೆ ಮಲಗಲು ಜಾಗ ಎಲ್ಲಿ, ಸಭೆಯಲ್ಲಿ ಕುರ್ಚಿ ಎಲ್ಲಿ? ಖರ್ಚು ಏರುತ್ತದಲ್ಲ ಎನ್ನುತ್ತಾರೆ. ಏರಲಿ, ಒಂದು ಮಹಡಿ ಕಡಿಮೆ ಕಟ್ಟಿ, ಸಂಬಳ ಸರಿಯಾಗಿ ಕೊಡಿ.