ಅಜ್ಜಿಯ ಕಡಗದಾಗ ತಾಮ್ರ ಎಷ್ಟು?

ಆರ್ಕಿಮಿಡೀಸನ ಕಥೆ ನಮಗೆಲ್ಲ ಬಾಯಿಪಾಠ. ರಾಜನ ಕಿರೀಟ, ತುಂಬಿ ಚೆಲ್ಲಿದ ತೊಟ್ಟಿ, "ಯುರೇಕಾ" ಎಂದು ಬೀದಿಯಲ್ಲಿ ಓಡಿದ್ದು. ಪರೀಕ್ಷೆಯಲ್ಲಿ ತತ್ವ ಬರೆದರೆ ಅಂಕ ಬರುತ್ತದೆ, ಅಲ್ಲಿಗೆ ಮುಗಿಯಿತು. ಆದರೆ ಗೆಳೆಯರೇ, ಈ ವರ್ಷ ಅದೇ ಲೆಕ್ಕ ನಮ್ಮ ಮನೆಗೆ ಬೇಕಾಯಿತು.

ನಮ್ಮ ಅಕ್ಕನಿಗೆ ರಾಯಚೂರಿನ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಫೀಜು, ಹಾಸ್ಟೆಲ್ಲು ಎಲ್ಲಾ ಕೂಡಿದರೆ ಅಪ್ಪನ ಕೈಯಲ್ಲಿದ್ದ ರೊಕ್ಕ ಸಾಲಲಿಲ್ಲ. ಹತ್ತಿ ಇನ್ನೂ ಹೊಲದಾಗೇ ಇತ್ತು. ಅಜ್ಜಿ ಟ್ರಂಕಿನಿಂದ ತನ್ನ ಎರಡು ಬೆಳ್ಳಿ ಕಾಲ್ಗಡಗ ತೆಗೆದು, "ಹುಡುಗಿ ಓದ್ಲಿ ತಗೋ, ನನ್ನ ಕಾಲು ಇನ್ನ ಈ ಭಾರ ಎಲ್ಲಿ ಹೊರ್ತಾವು" ಅಂದಳು. ಅಪ್ಪ ರಾಯಚೂರಿನ ಒಂದು ಅಂಗಡಿಗೆ ಒಯ್ದರೆ, ಅಲ್ಲಿಯವರು ಒಂದು ಸಲ ತಿರುವಿ ನೋಡಿ "ಹಳೇ ಮಾಲು, ಎಪ್ಪತ್ತು ಟಂಚ್ ಬಿದ್ರೆ ಹೆಚ್ಚು" ಅಂದರಂತೆ. ಟಂಚ್ ಅಂದರೆ ನೂರು ಭಾಗದಲ್ಲಿ ಶುದ್ಧ ಬೆಳ್ಳಿ ಎಷ್ಟು ಭಾಗ ಎಂಬ ಲೆಕ್ಕ. ಹಾಗಾದರೆ ಉಳಿದ ಮೂವತ್ತು ಭಾಗ ತಾಮ್ರ! ಅಪ್ಪ ಕಡಗ ವಾಪಸು ತಂದ. ಅಜ್ಜಿಗೆ ಸಿಟ್ಟು ಬಂದದ್ದು ರೊಕ್ಕಕ್ಕಲ್ಲ. "ನಮ್ಮವ್ವ ರೂಪಾಯಿ ಕರಗಿಸಿ ಮಾಡಿಸಿದ್ದು, ಅದರಾಗ ಖೋಟಾ ಎಲ್ಲಿಂದ ಬಂತು?" ಎಂದು ಆ ರಾತ್ರಿ ಊಟವನ್ನೇ ಮಾಡಲಿಲ್ಲ.

ಹಾಲ್‌ಮಾರ್ಕ್ ಮುದ್ರೆ ಚಿನ್ನಕ್ಕೆ ಬಂದದ್ದು 2000ದಲ್ಲಿ, ಬೆಳ್ಳಿಗೆ 2005ರಲ್ಲಿ. ಅಜ್ಜಿಯ ಕಡಗ ಅದಕ್ಕಿಂತ ಎಷ್ಟೋ ಹಳೆಯದು. ಒರೆಗಲ್ಲಿಗೆ ತಿಕ್ಕಬಹುದು, ಆದರೆ ಅದು ಮೇಲಿನ ಪದರವನ್ನಷ್ಟೇ ಹೇಳುತ್ತದೆ. ಕಡಿಯದೆ, ಕರಗಿಸದೆ ಇಡೀ ಕಡಗದ ಲೆಕ್ಕ ಬೇಕಾದರೆ ಸಾಂದ್ರತೆ ನೋಡಬೇಕು ಎಂದು ನಮ್ಮ ವಿಜ್ಞಾನದ ಸರ್ ಹೇಳಿದರು.

ಒಂದು ಘನ ಸೆಂಟಿಮೀಟರ್ ಬೆಳ್ಳಿ 10.5 ಗ್ರಾಂ ತೂಗುತ್ತದೆ, ತಾಮ್ರ 8.96 ಗ್ರಾಂ. ಆದ್ದರಿಂದ ತೂಕ ಅಷ್ಟೇ ಇದ್ದರೂ ತಾಮ್ರ ಹೆಚ್ಚಾದಷ್ಟೂ ಕಡಗ ಹೆಚ್ಚು ಜಾಗ ಹಿಡಿಯುತ್ತದೆ. ತೂಕ ಸುಲಭ, ಜಾಗ ಅಳೆಯುವುದೇ ಕಷ್ಟ. ನಮ್ಮ ಲ್ಯಾಬಿನ ಅಳತೆ ಜಾಡಿಯೊಳಗೆ ಕಡಗ ಇಳಿಯುವುದೇ ಇಲ್ಲ. ಇಳಿದರೂ ಅದರ ಗೆರೆಗಳು ಒಂದೊಂದು ಮಿಲಿಲೀಟರಿನವು, ನಮಗೆ ಬೇಕಾದ ವ್ಯತ್ಯಾಸ ಅರ್ಧ ಮಿಲಿಲೀಟರಿನದು. ಚೆಲ್ಲಿದ ನೀರು ಅಳೆದು ಕಿರೀಟದ ಕಳ್ಳತನ ಹಿಡಿದ ಎಂಬ ಕಥೆ ನನಗಂತೂ ಈಗ ನಂಬಿಕೆ ಬರುವುದಿಲ್ಲ. ಗೆಲಿಲಿಯೊಗೂ ಬರಲಿಲ್ಲ. ಆರ್ಕಿಮಿಡೀಸ್ ನೀರಿನೊಳಗೆ ತೂಗಿಯೇ ಕಂಡುಹಿಡಿದಿರಬೇಕು ಎಂದು ಅವನು 1586ರಲ್ಲಿ, ತನ್ನ 22ನೇ ವಯಸ್ಸಿನಲ್ಲಿ, ಒಂದು ಸಣ್ಣ ತಕ್ಕಡಿಯ ಬಗ್ಗೆ ಬರೆದ.

ಭಾನುವಾರ ಸರ್, ಅಪ್ಪ, ನಾನು ದೇವದುರ್ಗಕ್ಕೆ ಹೋದೆವು. ಅಲ್ಲಿ ಪರಿಚಯದ ಪತ್ತಾರರ ಹತ್ತಿರ ಬೆಳ್ಳಿ ತೂಗುವ ಕಾಟಾ ಇದೆ, ಗ್ರಾಂನ ಹತ್ತನೇ ಒಂದು ಭಾಗದವರೆಗೆ ತೋರಿಸುತ್ತದೆ. ಮೊದಲು ಹುಣಸೆಹಣ್ಣು ಹಚ್ಚಿ ಕಡಗ ತಿಕ್ಕಿ ತೊಳೆದೆವು. ಒಣಗಿದ ಮೇಲೆ ತೂಕ 184.6 ಗ್ರಾಂ. ಆಮೇಲೆ ಅಗಲ ಬಾಯಿಯ ಸ್ಟೀಲ್ ಡಬ್ಬಿಯಲ್ಲಿ ನೀರು ಹಾಕಿ ಕಾಟಾದ ಮೇಲಿಟ್ಟು, ಸೊನ್ನೆ ಮಾಡಿ, ಸಣ್ಣ ದಾರ ಕಟ್ಟಿ ಕಡಗವನ್ನು ನೀರಿನೊಳಗೆ ಇಳಿಬಿಟ್ಟೆವು. ಪೂರ್ತಿ ಮುಳುಗಬೇಕು, ತಳ ಮುಟ್ಟಬಾರದು, ಡಬ್ಬಿಯ ಮೈಗೂ ತಾಗಬಾರದು. ಕೆತ್ತನೆಯ ಸಂದಿಯಲ್ಲಿ ಗಾಳಿಯ ಗುಳ್ಳೆ ಕೂತಿದ್ದವು, ಬೆರಳಿನಿಂದ ಒರೆಸಿ ಬಿಡಿಸಿದೆ. ಗುಳ್ಳೆ ಉಳಿದರೆ ಒಳ್ಳೆಯ ಬೆಳ್ಳಿಯೂ ಖೋಟಾ ಎನಿಸುತ್ತದೆ. ಕಾಟಾ 17.9 ತೋರಿಸಿತು. ದಾರ ನನ್ನ ಕೈಯಲ್ಲೇ ಇತ್ತು, ಆದರೂ ಕಾಟಾ ಮೇಲೆ ಭಾರ! ನೀರು ಕಡಗವನ್ನು ಎಷ್ಟು ಮೇಲಕ್ಕೆ ಒತ್ತುತ್ತದೋ, ಕಡಗ ನೀರನ್ನು ಅಷ್ಟೇ ಕೆಳಕ್ಕೆ ಒತ್ತುತ್ತದೆ. ಅದೇ ಸರಿದ ನೀರಿನ ತೂಕ. ಪತ್ತಾರರು "ಇಷ್ಟು ವರ್ಷ ಈ ಕಾಟಾ ಇಟ್ಕೊಂಡು ಕುಂತೀನಿ, ಇದನ್ನ ನೋಡಿದ್ದಿಲ್ಲ ಬಿಡ್ರಿ" ಎಂದು ನಕ್ಕರು.

ಇನ್ನು ಲೆಕ್ಕ. ನೀರು 30 ಡಿಗ್ರಿ ಇತ್ತು. ಆ ಶಾಖದಲ್ಲಿ ಒಂದು ಮಿಲಿಲೀಟರ್ ನೀರು 0.9957 ಗ್ರಾಂ ಮಾತ್ರ, ಹಾಗಾಗಿ ಕಡಗದ ಗಾತ್ರ 17.98 ಘನ ಸೆಂ.ಮೀ. (ಇದನ್ನು ಬಿಟ್ಟರೆ ಉತ್ತರ ಎರಡೂವರೆ ಭಾಗ ಏರಿಬಿಡುತ್ತದೆ. ನಮ್ಮ ಕಡೆಯ ಬಿಸಿಲು ಲೆಕ್ಕಕ್ಕೂ ಬಿಟ್ಟಿಲ್ಲ!) ಅಷ್ಟೇ ತೂಕದ ಶುದ್ಧ ಬೆಳ್ಳಿಯಾಗಿದ್ದರೆ 17.58 ಇರಬೇಕಿತ್ತು, ಶುದ್ಧ ತಾಮ್ರವಾಗಿದ್ದರೆ 20.60. ಎರಡರ ನಡುವಿನ ಅಂತರ 3.02. ನಮ್ಮ ಕಡಗ ಬೆಳ್ಳಿಯಿಂದ 0.40 ಮಾತ್ರ ದೂರ. 0.40ನ್ನು 3.02ರಿಂದ ಭಾಗಿಸಿದರೆ ತಾಮ್ರ ನೂರಕ್ಕೆ ಸುಮಾರು 13, ಬೆಳ್ಳಿ 87. ಎರಡನೇ ಕಡಗಕ್ಕೆ 86 ಬಂತು. ಎಪ್ಪತ್ತೇ ಆಗಿದ್ದರೆ ಗಾತ್ರ 18.49 ಆಗಬೇಕಿತ್ತು.

ಕಾಟಾ 0.1 ಗ್ರಾಂ ಆಚೀಚೆ ಆದರೂ ಉತ್ತರ ಮೂರು ಭಾಗ ಜರುಗುತ್ತದೆ. ಆದ್ದರಿಂದ 84ರಿಂದ 90ರೊಳಗೆ ಎಂದು ಬರೆಯಿರಿ ಎಂದರು ಸರ್. ಇನ್ನೊಂದು ಮಾತೂ ಹೇಳಿದರು: ಬೆರೆತದ್ದು ತಾಮ್ರವೋ ಸತುವೋ ಎಂದು ಸಾಂದ್ರತೆ ಹೇಳುವುದಿಲ್ಲ. ಬೆರಕೆ ತಾಮ್ರದ್ದು ಎಂದು ಹಿಡಿದರೆ ಎಷ್ಟು ಎಂದಷ್ಟೇ ಹೇಳುತ್ತದೆ.

ಅಜ್ಜಿಯ ರೂಪಾಯಿ ಮಾತಿಗೂ ಇಲ್ಲಿ ಬಲ ಸಿಕ್ಕಿತು. ನಮ್ಮ ರಾಯಚೂರು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಚಾರ್ಮಿನಾರ್ ಚಿತ್ರದ ಹಾಲಿ ಸಿಕ್ಕಾ ರೂಪಾಯಿಯಲ್ಲಿ ಬೆಳ್ಳಿ ಸುಮಾರು 82 ಭಾಗ, ಇಂಗ್ಲಿಷರ ಹಳೇ ರೂಪಾಯಿಯಲ್ಲಿ ಸುಮಾರು 92. 1940ರಿಂದ ಇಂಗ್ಲಿಷರ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು, ಅವನ್ನೇ ಕರಗಿಸಿದ್ದರೆ 87 ಬರುತ್ತಿರಲಿಲ್ಲ. ಅಜ್ಜಿಗೆ ಹೇಳಿದಾಗ "ಎರಡೂ ಇದ್ದವು, ಚಾರ್ಮಿನಾರದ್ದೂ ರಾಜನ ಮಾರಿದ್ದೂ" ಅಂದಳು. ಅವತ್ತು ಎರಡು ರೊಟ್ಟಿ ಹೆಚ್ಚೇ ಉಂಡಳು.

ಮಾನ್ವಿಯಲ್ಲಿ ಒಬ್ಬರು ನಮ್ಮ ಚೀಟಿ ನೋಡಿ, ತಾವೂ ತೇಜಾಬು ಹಾಕಿ ನೋಡಿ, 85 ಟಂಚ್‌ಗೆ ಒಪ್ಪಿದರು. ಎಪ್ಪತ್ತರ ಲೆಕ್ಕಕ್ಕಿಂತ ಎರಡು ಕಡಗಕ್ಕೂ ಕೂಡಿ 55 ಗ್ರಾಂ ಬೆಳ್ಳಿ ಹೆಚ್ಚು. ಅಕ್ಕ ಈಗ ಹಾಸ್ಟೆಲ್ಲಿನಲ್ಲಿದ್ದಾಳೆ.

ಇದನ್ನು ಓದಿ ಮನೆಯ ಬೋರಮಾಳ ನೀರಿಗೆ ಹಾಕಬೇಡಿರಿ. ಅದರ ಗುಂಡಿನೊಳಗೆ ಅರಗು ಇರುತ್ತದೆ, ಲೆಕ್ಕ ಕೆಡುತ್ತದೆ. ಹತ್ತು ಗ್ರಾಂ ಬಂಗಾರದ ಉಂಗುರ ಸರಿಸುವ ನೀರು ಅರ್ಧ ಗ್ರಾಂಗಿಂತ ಸ್ವಲ್ಪವೇ ಹೆಚ್ಚು, ಅದಕ್ಕೆ ಈ ಕಾಟಾ ಸಾಲದು. ಗಟ್ಟಿ ಬೆಳ್ಳಿ ಕಡಗ ಇದ್ದವರು ಮಾತ್ರ ಮನೆಯ ಹಿರಿಯರನ್ನು ಕೇಳಿಕೊಂಡು ಸರ್ ಹತ್ತಿರ ಹೆಸರು ಬರೆಸಿರಿ. ದಾರ ನಾನು ತರುತ್ತೇನೆ.